ಕಿಟಕಿಯಿಂದ ಇಪ್ಪತ್ತೈದು ಅಡಿ

ಸಿಟ್ಟುಗಳಲ್ಲೆಲ್ಲ ಕಷ್ಟದ ಸಿಟ್ಟು ಯಾವುದೆಂದರೆ, ತಪ್ಪು ತನ್ನದೇ ಎಂದು ಗೊತ್ತಿರುವವನಿಗೆ ಬರುವ ಸಿಟ್ಟು. ನ್ಯಾಯ ತನ್ನ ಕಡೆ ಇದ್ದವನು ಬೀದಿಯಲ್ಲಿ ನಿಂತು ಕೂಗಬಹುದು, ಅರ್ಜಿ ಬರೆಯಬಹುದು, ನಾಲ್ಕು ಜನರನ್ನು ಕೂಡಿಸಿ ಧರಣಿ ಕೂರಬಹುದು. ನನ್ನಂಥವನು ಏನು ಮಾಡಬೇಕು? ನಾನು ಸಿಗರೇಟು ಸೇದುತ್ತೇನೆ. ಡಾಕ್ಟರು ಕೇಳಿದರೆ ದಿನಕ್ಕೆ ಎರಡು ಎನ್ನುತ್ತೇನೆ, ಹೆಂಡತಿ ಕೇಳಿದರೆ ಮೂರು ಎನ್ನುತ್ತೇನೆ, ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ನಾಲ್ಕು. ಕೆಲವು ದಿನ ಐದು. ಅದು ಕೆಟ್ಟದ್ದೆಂದು ಪೊಟ್ಟಣದ ಮೇಲೆಯೇ ಬರೆದಿದೆ, ಓದಲು ಬಾರದವನೇನೂ ಅಲ್ಲ ನಾನು. ಆದ್ದರಿಂದ ಈ ವಿಷಯದಲ್ಲಿ ಯಾರು ಏನು ಅಂದರೂ ತಲೆ ತಗ್ಗಿಸಿ ಕೇಳಿಸಿಕೊಳ್ಳುವುದು ನನಗೆ ಮೂವತ್ತು ವರ್ಷದ ರೂಢಿ. ಆದರೂ ಹೇಳುತ್ತೇನೆ: ನಮ್ಮ ಬಳ್ಳಾರಿಯಲ್ಲಿ, ಅದೂ ಅದಿರಿನ ಲಾರಿಗಳು ಗುಡ್ಡಗಳನ್ನು ಅರೆದು ಊರ ಮೇಲೆ ಚೆಲ್ಲುತ್ತಿದ್ದ ಆ ವರ್ಷಗಳಲ್ಲಿ, ಶುದ್ಧ ಗಾಳಿಯ ಹೆಸರಿನಲ್ಲಿ ನನ್ನನ್ನು ಮನೆಯಿಂದ ಹೊರಗೆ ಹಾಕಿದ್ದು ಅನ್ಯಾಯ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳಲು ಸಿದ್ಧ, ಹೆಂಡತಿ ಪಕ್ಕದಲ್ಲಿ ಇರದಿದ್ದರೆ.

ಆ ವರ್ಷಗಳ ಬಳ್ಳಾರಿಯನ್ನು ಕಾಣದವರಿಗೆ ಒಂದೆರಡು ಮಾತು. ಆಗ ನಮ್ಮ ಸೀಮೆಯ ಗುಡ್ಡಗಳು ತಮ್ಮ ಜಾಗದಲ್ಲಿ ನಿಂತಿರುತ್ತಿರಲಿಲ್ಲ. ಲಾರಿ ಹತ್ತಿ ಹೊರಡುತ್ತಿದ್ದವು. ಬಹುಪಾಲು ಬಂದರಿಗೆ ಹೋಗಿ ಹಡಗು ಏರುತ್ತಿತ್ತು, ಉಳಿದದ್ದು ನಮ್ಮ ಮನೆಗಳಲ್ಲಿ ಇಳಿಯುತ್ತಿತ್ತು. ಬಿಳಿ ಅಂಗಿ ಕೊಳ್ಳುವುದನ್ನು ಜನ ಬಿಟ್ಟೇಬಿಟ್ಟಿದ್ದರು. ಬೆಳಿಗ್ಗೆ ಒಗೆದು ಹಾಕಿದ ನನ್ನ ಬನಿಯನ್ನು ಮಧ್ಯಾಹ್ನದ ಹೊತ್ತಿಗೆ ಕಾವಿಯಾಗಿ, ಅದನ್ನು ತೊಟ್ಟು ಕೂತರೆ ಸಂಸಾರ ಬಿಟ್ಟವನ ಹಾಗೆ ಕಾಣುತ್ತಿದ್ದೆ. ಮೊಸರಿನ ಕೆನೆ ಕೆಂಪು, ತುಳಸಿ ಎಲೆ ಕೆಂಪು, ನೆಗಡಿಯಾದರೆ ಕರವಸ್ತ್ರವೂ ಕೆಂಪು. ಕೋಟೆ ಗುಡ್ಡ ಇದೆಯೋ ಇಲ್ಲವೋ ಎಂಬುದು ಬೆಳಗಿನ ಹತ್ತು ಗಂಟೆಯ ಮೇಲೆ ಗೊತ್ತಾಗುತ್ತಿತ್ತು. ಇಂಥ ಊರಿನಲ್ಲಿ ಒಬ್ಬ ಬಡಪಾಯಿ ಸಿಗರೇಟು ಹಚ್ಚಿದರೆ, ಅಷ್ಟು ಹೊತ್ತಾದರೂ ಅವನ ಶ್ವಾಸಕೋಶಕ್ಕೆ ಹೋಗುವ ಗಾಳಿ ಸಿಗರೇಟಿನ ತುದಿಯ ಹತ್ತಿಯ ಮೂಲಕ ಸೋಸಿ ಹೋಗುತ್ತದೆ ಎಂದು ನಾನು ವಾದಿಸುತ್ತಿದ್ದೆ. ಯಾರೂ ಒಪ್ಪಲಿಲ್ಲ.

ನಾನು ಸರ್ಕಾರಿ ಸರ್ವೇಯರ್. ಕುರುಗೋಡು, ಸಿರುಗುಪ್ಪ ಕಡೆಯ ಹೊಲಗಳನ್ನು ಅಳೆದು, ಹದ್ದುಬಸ್ತು ಮಾಡಿ, ಬಾಂದುಕಲ್ಲು ನೆಡಿಸಿ ಬರುವುದು ನನ್ನ ಕೆಲಸ. ಸಿರುಗುಪ್ಪ ರಸ್ತೆ ಬೈಪಾಸಿಗೆ ಸೇರುವ ಕಡೆ, ದೊಡ್ಡಬಸಪ್ಪ ಎಂಬವರು ಕಟ್ಟಿಸಿದ ನಾಲ್ಕು ಅಂತಸ್ತಿನ, ಹದಿನಾರು ಮನೆಗಳ ಕಟ್ಟಡದಲ್ಲಿ ಬಾಡಿಗೆಗೆ ಇದ್ದೆ. ದೊಡ್ಡಬಸಪ್ಪನವರು ಒಂದು ಕಾಲಕ್ಕೆ ಭತ್ತದ ಚೀಲ ಸಾಗಿಸುವ ಒಂದೇ ಒಂದು ಲಾರಿ ಇಟ್ಟುಕೊಂಡಿದ್ದವರು. ಅದಿರು ಬಂದ ಮೇಲೆ ತಮ್ಮ ಲಾರಿಗಳು ಎಷ್ಟಿವೆ ಎಂದು ಅವರೇ ನೆನಪಿಟ್ಟುಕೊಳ್ಳುವುದನ್ನು ಬಿಟ್ಟಿದ್ದರು. ಕಟ್ಟಡಕ್ಕೆ ಗಿಳಿಹಸಿರು ಬಣ್ಣ ಬಳಿಸಿದ್ದರು. ಎರಡು ತಿಂಗಳಲ್ಲಿ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅಮಾವಾಸ್ಯೆಗೊಮ್ಮೆ ಪೈಪು ಹಿಡಿದು ತೊಳೆಸಿದರೆ ಎರಡು ದಿನ ಹಸಿರು, ಮತ್ತೆ ಯಥಾಪ್ರಕಾರ. ನಾನು ಆ ಮನೆ ಹಿಡಿದದ್ದು ಬಣ್ಣ ನೋಡಿ ಅಲ್ಲ, ಬಾಲ್ಕನಿ ನೋಡಿ. ನನ್ನ ಹೆಂಡತಿ ಶಾಂತಾಳಿಗೂ ನನಗೂ ಮದುವೆಯಾದ ಹೊಸದರಲ್ಲೇ ಒಂದು ಒಪ್ಪಂದವಾಗಿತ್ತು: ಸೇದುವುದು ಬಾಲ್ಕನಿಯಲ್ಲಿ, ಬಾಗಿಲು ಹಾಕಿಕೊಂಡು, ಬಾಯಿ ಮುಕ್ಕಳಿಸಿ ಒಳಗೆ ಬರುವುದು. ಇಪ್ಪತ್ತೆರಡು ವರ್ಷ ಎರಡು ಕಡೆಯವರೂ ಈ ಒಪ್ಪಂದವನ್ನು ಮುರಿದಿರಲಿಲ್ಲ. ಮುರಿದವರು ಮೂರನೆಯವರು.

ದೊಡ್ಡಬಸಪ್ಪನವರು ಯಾವುದೋ ಮದುವೆಗೆಂದು ಬೆಂಗಳೂರಿಗೆ ಹೋಗಿ ಬೀಗರ ಅಪಾರ್ಟ್‌ಮೆಂಟಿನಲ್ಲಿ ಇಳಿದುಕೊಂಡಿದ್ದರಂತೆ. ಅದರ ಬಾಗಿಲಲ್ಲಿ ಒಂದು ಹಿತ್ತಾಳೆ ಫಲಕ ಇತ್ತಂತೆ. ಇದು ಹಸಿರು ಕಟ್ಟಡ, ಇಲ್ಲಿನ ಗಾಳಿ, ನೀರು, ಬೆಳಕು ಎಲ್ಲವನ್ನೂ ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿದೆ ಎಂದು ಅದರಲ್ಲಿ ಬರೆದಿತ್ತಂತೆ. ಬೀಗರು ಅದನ್ನು ಮೂರು ಸಲ ತೋರಿಸಿದರಂತೆ. ಊರಿಗೆ ಬಂದವರೇ, "ಅಂಥಾದ್ದೊಂದು ನಮಗೂ ಬೇಕು" ಎಂದರು. ಬೆಂಗಳೂರಿನಿಂದ ಒಬ್ಬ ಕನ್ಸಲ್ಟೆಂಟ್ ಮೇಡಂ ಬಂದರು. ಸಣ್ಣ ವಯಸ್ಸಿನ, ಬಹಳ ಸೌಜನ್ಯದ ಹೆಣ್ಣುಮಗಳು. ಕೈಯಲ್ಲಿ ಉದ್ದನೆಯ ಪಟ್ಟಿ. ಮಾಳಿಗೆಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಯಂತ್ರ ಬಂತು, ಮಳೆನೀರಿನ ಗುಂಡಿ ಬಂತು, ಒಣಕಸಕ್ಕೊಂದು ಹಸಿಕಸಕ್ಕೊಂದು ಡಬ್ಬಿ ಬಂದವು. ನಾನು ಇದೆಲ್ಲವನ್ನೂ ಬಾಲ್ಕನಿಯಲ್ಲಿ ನಿಂತು, ಹೊಗೆ ಬಿಡುತ್ತ, ಮೆಚ್ಚುಗೆಯಿಂದಲೇ ನೋಡಿದೆ. ಒಳ್ಳೆಯ ಕೆಲಸ ಯಾರು ಮಾಡಿದರೂ ಒಳ್ಳೆಯದೇ.

ಒಂದು ಭಾನುವಾರ ಕೆಳಗೆ ಪಾರ್ಕಿಂಗಿನಲ್ಲಿ ಎಲ್ಲ ಮನೆಯವರನ್ನೂ ಕೂಡಿಸಿದರು. ಮೇಡಂ ಪಟ್ಟಿಯ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದೊಂದು ಮಾತ್ರ ಕಂಪಲ್ಸರಿ ಸರ್. ಮಿಕ್ಕಿದ್ದರಲ್ಲಿ ಪಾಯಿಂಟ್ ಕಮ್ಮಿ ಬಂದ್ರೂ ನಡೆಯುತ್ತೆ. ಇದು ತಪ್ಪಿದ್ರೆ ಅಪ್ಲಿಕೇಶನ್ನೇ ಬಿದ್ದುಹೋಗುತ್ತೆ" ಎಂದರು. ಅದು ಧೂಮಪಾನದ ನಿಯಮ. ಮೆಟ್ಟಿಲು, ಲಿಫ್ಟು, ಪಾರ್ಕಿಂಗು, ಮಾಳಿಗೆ, ಎಲ್ಲೂ ಸೇದುವಂತಿಲ್ಲ. ಮನೆಯೊಳಗೆ ಸೇದುವುದಾದರೆ ಒಂದು ಮನೆಯ ಹೊಗೆ ಇನ್ನೊಂದು ಮನೆಗೆ ಹೋಗದಂತೆ ಬಾಗಿಲಿಗೆಲ್ಲ ರಬ್ಬರ್ ಪಟ್ಟಿ ಬಡಿದು, ಸೋರುತ್ತದೋ ಇಲ್ಲವೋ ಎಂದು ಯಂತ್ರ ಇಟ್ಟು ಪರೀಕ್ಷೆ ಮಾಡಿಸಬೇಕು. ಅಷ್ಟು ತಾಪತ್ರಯ ಯಾಕೆ, ಒಳಗೂ ಬೇಡ ಬಾಲ್ಕನಿಯಲ್ಲೂ ಬೇಡ ಎಂದು ದೊಡ್ಡಬಸಪ್ಪನವರು ಅಲ್ಲೇ ತೀರ್ಮಾನ ಮಾಡಿಬಿಟ್ಟರು. ಸೇದುವವರಿಗೆ ಹೊರಗೆ ಒಂದು ಜಾಗ ಗುರುತು ಮಾಡಬಹುದು. ಆದರೆ ಅದು ತೆರೆಯುವಂಥ ಯಾವ ಕಿಟಕಿಯಿಂದಲೂ, ಯಾವ ಬಾಗಿಲಿನಿಂದಲೂ ಇಪ್ಪತ್ತೈದು ಅಡಿ ಆಚೆ ಇರಬೇಕು. ಮೇಡಂ ಇದನ್ನು ಹೇಳುತ್ತಿದ್ದಾಗಲೇ ಹೊರಗೆ ಅದಿರಿನ ಲಾರಿಯೊಂದು ರಸ್ತೆಗೆ ಅಡ್ಡ ಹಾಕಿದ್ದ ಉಬ್ಬು, ಆ ಹಂಪು ದಾಟಿತು. ಪಾರ್ಕಿಂಗಿನೊಳಗೆ ಕೆಂಪು ಮೋಡ ಬಂತು. ಮೇಡಂ ದುಪಟ್ಟಾ ತೆಗೆದು ಮೊದಲು ಲ್ಯಾಪ್‌ಟಾಪಿಗೆ ಹೊದಿಸಿ, ಆಮೇಲೆ ತಾವು ಕೆಮ್ಮಿದರು.

ನನಗೆ ತಡೆಯಲಾಗಲಿಲ್ಲ. "ಮೇಡಂ, ಈಗ ಹೋತಲ್ರೀ ಲಾರಿ, ಅದು?" ಎಂದೆ.

"ಅದು ಸೈಟಿನ ಹೊರಗಿನದು ಸರ್. ನಮ್ಮ ವ್ಯಾಪ್ತಿಗೆ ಬರಲ್ಲ."

ಆ ಲಾರಿಯ ಹಣೆಯ ಮೇಲೆ ದೊಡ್ಡಬಸಪ್ಪನವರ ಮನೆದೇವರ ಹೆಸರಿತ್ತು. ಅದನ್ನು ನಾನೂ ಓದಿದೆ, ಅವರೂ ಓದಿದರು. ಅವರು ಗಂಟಲು ಸರಿಮಾಡಿಕೊಂಡು, "ಅದೆಲ್ಲ ಇರ್ಲಿ. ಈಗ ಯಾರ್ಯಾರು ಸೇದ್ತೀರಿ, ಒಂದಿಷ್ಟು ಕೈ ಎತ್ತರಿ" ಎಂದರು. ಒಂದು ಕೈಯೂ ಏಳಲಿಲ್ಲ. ಹೇಗೆ ಏಳಬೇಕು? ಅಲ್ಲಿ ಹೆಂಡಂದಿರು ಕೂತಿದ್ದರು, ಅತ್ತೆ ಮಾವಂದಿರು ಕೂತಿದ್ದರು, ಅಣ್ಣಂದಿರ ಪಕ್ಕದಲ್ಲಿ ತಮ್ಮಂದಿರು ಕೂತಿದ್ದರು. ಶಾಂತಾ ನನ್ನ ಕಡೆ ನೋಡಿದಳು. ನಾನು ಅರ್ಧ ಎತ್ತಿದ ಕೈಯಿಂದ ತಲೆ ಕೆರೆದುಕೊಂಡೆ. ಹದಿನಾರು ಮನೆಯಲ್ಲಿ ಸೇದುವವರು ಒಬ್ಬರೂ ಇಲ್ಲ ಎಂದಾಯಿತು. ಮೇಡಂಗೆ ಬಹಳ ಸಂತೋಷವಾಯಿತು. "ಹಾಗಾದ್ರೆ ಮೆಟ್ಟಿಲ ಕೆಳಗೆ ಬಿದ್ದಿರೋ ಬೀಡಿ ತುಂಡುಗಳು?" ಎಂದು ಕೇಳಿದರು. "ಪ್ಲಂಬರ್‌ನವು ಇರಬೇಕ್ರಿ" ಎಂದರು ದೊಡ್ಡಬಸಪ್ಪನವರು. ಅವರು ಜಾಣರು. ಹಾಗಿದ್ದರೂ ಜಾಗವೊಂದನ್ನು ಗುರುತು ಮಾಡಿಬಿಡಿ, ಬಂದು ಹೋಗುವವರಿಗಾದರೂ ಬೇಕಾಗುತ್ತದೆ ಎಂದು ಮೇಡಂ ಹೇಳಿದರು. ದೊಡ್ಡಬಸಪ್ಪನವರು ನನ್ನ ಕಡೆ ತಿರುಗಿ, "ಸಾಹೇಬ್ರ, ಅಳತಿ ನೀವಽ ಮಾಡಿಕೊಡ್ರಿ. ನಿಮ್ಮ ಕೈ ಅಳತಿ ಅಂದ್ರ ಕೋರ್ಟಿನಾಗೂ ನಿಂದ್ರತೈತಿ" ಎಂದರು.

ಹೊಗಳಿಕೆಗೆ ಉಬ್ಬುವುದು ನನ್ನ ಇನ್ನೊಂದು ಚಟ. ಅದಕ್ಕೆ ಯಾವ ಪೊಟ್ಟಣದ ಮೇಲೂ ಎಚ್ಚರಿಕೆ ಬರೆದಿರುವುದಿಲ್ಲ. ಮಧ್ಯಾಹ್ನದ ಊಟ ಬಿಟ್ಟು ಟೇಪು ಹಿಡಿದೆ. ಪ್ರತಿ ಕಿಟಕಿಯಿಂದ, ಪ್ರತಿ ಬಾಗಿಲಿನಿಂದ ಇಪ್ಪತ್ತೈದು ಅಡಿಯ ಕಮಾನು ಎಳೆದು ಸುಣ್ಣದ ಪುಡಿ ಚೆಲ್ಲುತ್ತ ಬಂದೆ. ಹಿತ್ತಲು ಹೋಯಿತು, ಎಡಬಲದ ಓಣಿಗಳು ಹೋದವು, ಬೇವಿನ ಮರದ ನೆರಳೂ ಹೋಯಿತು. ದೊಡ್ಡಬಸಪ್ಪನವರು ಒಂದಿಂಚು ನೆಲವನ್ನೂ ಬಿಡದೆ ಕಟ್ಟಿಸಿದ್ದ ಕಟ್ಟಡ ಅದು. ಕಡೆಗೆ ಒಂದು ಚಾಪೆ ಹಾಸುವಷ್ಟು ಜಾಗ ಉಳಿಯಿತು, ಮುಂದಿನ ಗೇಟಿನ ಹೊರಮೂಲೆಯಲ್ಲಿ, ರಸ್ತೆಯ ಹಂಪಿಗೆ ಸರಿಯಾಗಿ. ಲಾರಿಗಳು ಅಲ್ಲಿಯೇ ಬ್ರೇಕು ಹಾಕಿ, ಕುಲುಕಿ, ಮೇಲಿನ ಪುಡಿಯನ್ನು ಒಂದು ಹಿಡಿ ಚೆಲ್ಲಿ, ಡೀಸೆಲ್ ಹೊಗೆಯನ್ನು ಮುಖಕ್ಕೆ ಬಿಟ್ಟು ಮುಂದೆ ಹೋಗುತ್ತಿದ್ದವು. ನಾನು ಜಾಗಕ್ಕೆ ನಾಲ್ಕು ಮೂಲೆ ಗುರುತು ಹಾಕಿ, ಬೆವರು ಒರೆಸಿಕೊಂಡು, ಹೆಮ್ಮೆಯಿಂದ ನಿಂತೆ. ಅರ್ಧ ಗಂಟೆಯ ಮೇಲೆ, ಸಿಗರೇಟು ಹಚ್ಚಲು ಜೇಬಿಗೆ ಕೈ ಹಾಕಿದಾಗ, ಏನು ಮಾಡಿಕೊಂಡೆ ಎಂದು ಹೊಳೆಯಿತು. ಸರ್ವೀಸಿನುದ್ದಕ್ಕೂ ಎಷ್ಟೋ ರೈತರಿಗೆ ಕಲ್ಲು ತೋರಿಸಿ, ಇಲ್ಲಿಂದ ಈಚೆಯದು ನಿನ್ನದಲ್ಲಪ್ಪ ಎಂದು ಹೇಳಿದ್ದೇನೆ. ಅವರ ಮುಖ ಯಾಕೆ ಹಾಗಾಗುತ್ತಿತ್ತು ಎಂದು ಆವತ್ತು ತಿಳಿಯಿತು. ಮೇಲೆ ಗುಡ್ಡಗಳಲ್ಲಿ ಯಾರ ಗಡಿ ಎಲ್ಲಿಗೆ ಮುಗಿಯುತ್ತದೆ ಎಂದು ಕೇಳಲು ದೊಡ್ಡ ದೊಡ್ಡವರೇ ಹಿಂದುಮುಂದು ನೋಡುತ್ತಿದ್ದ ಕಾಲದಲ್ಲಿ, ನನ್ನ ಒಂದು ಸಿಗರೇಟಿನ ಗಡಿಯನ್ನು ಇಂಚು ಬಿಡದೆ ಅಳೆದಿದ್ದೆ. ಅಳೆದವನೂ ನಾನೇ ಎಂಬುದು ಹೊಟ್ಟೆ ಉರಿಸಿತು.

ಕಲ್ಲಿನ ಬೆಂಚು ಬಂತು, ಮರಳು ತುಂಬಿದ ಕುಂಡ ಬಂತು, ಬೋರ್ಡು ಬಂತು. ಹತ್ತು ದಿನವಾದರೂ ಒಬ್ಬನೂ ಬಂದು ಕೂರಲಿಲ್ಲ. ನಿಯಮ ಬರೆದವರಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ನಮ್ಮ ಕಡೆ ಸೇದುವುದು ಅಷ್ಟು ದೊಡ್ಡ ತಪ್ಪಲ್ಲ, ಹಿರಿಯರ ಕಣ್ಣೆದುರು ಸೇದುವುದು ತಪ್ಪು. ಕಿರಿಯನು ಹಿರಿಯನಿಗೆ ಮರೆಯಾಗಿ ಸೇದಬೇಕು. ಹಿರಿಯನೂ ಕಿರಿಯನ ಎದುರು ಸಣ್ಣವನಾಗಬಾರದೆಂದು ಮರೆಯಾಗಿ ಸೇದಬೇಕು. ಇಬ್ಬರಿಗೂ ಗೊತ್ತಿರುತ್ತದೆ, ಇಬ್ಬರೂ ನೋಡಿರುವುದಿಲ್ಲ. ನಾನು ಕಾಲೇಜಿನಲ್ಲಿದ್ದಾಗ ನಮ್ಮ ದೊಡ್ಡಪ್ಪ ಎದುರಿಗೆ ಬಂದರೆಂದು ಉರಿಯುವ ಸಿಗರೇಟನ್ನು ಪ್ಯಾಂಟಿನ ಜೇಬಿಗೆ ಇಳಿಸಿ, ಕಾಲು ಗಂಟೆ ಮನೆಮಂದಿಯ ಕ್ಷೇಮಸಮಾಚಾರ ಹೇಳಿದ್ದೇನೆ. ತೊಡೆಯ ಮೇಲೆ ಇನ್ನೂ ಕಲೆ ಇದೆ. ಇಂಥ ಜನಕ್ಕೆ ಎಲ್ಲರೂ ಒಂದೇ ಕಡೆ ಕೂತು ಸೇದಿರಿ ಎಂದು ಒಂದೇ ಬೆಂಚು ಹಾಕಿಕೊಟ್ಟರೆ ಹೇಗೆ? ಕೆಳಗಿನ ಮನೆಯ ಖಾಜಾಸಾಬರು ಜೀನ್ಸ್ ಪ್ಯಾಂಟು ಹೊಲಿಸುವ ಕಾರ್ಖಾನೆ ಇಟ್ಟವರು, ನನಗೆ ಬೇಕಾದ ಗೆಳೆಯರು. ಅವರು ಮಾಳಿಗೆಯಲ್ಲಿ ಸೇದುತ್ತಿದ್ದರು, ಅವರ ತಮ್ಮ ಮಹಬೂಬ ಮೆಟ್ಟಿಲ ಕೆಳಗೆ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಉಂಡು ಇಪ್ಪತ್ತು ವರ್ಷ ಈ ವಿಷಯದಲ್ಲಿ ಪರಸ್ಪರ ಅಪರಿಚಿತರಾಗಿದ್ದರು. "ಸಾಹೇಬ್ರ, ಎಲ್ಲಾರ್ನೂ ಒಂದಽ ಬೆಂಚಿನ ಮ್ಯಾಲ ಕುಂದ್ರಸಿದ್ರ ಹೆಂಗ್ರಿ? ನಮ್ಮ ಮಹಬೂಬ ಬಂದ್ರ ನಾ ಮಾರಿ ಎಲ್ಲಿ ಇಟ್ಕಳ್ಳಿ?" ಎಂದು ಖಾಜಾಸಾಬರು ನನ್ನನ್ನೇ ಕೇಳಿದರು. ಕಡೆಗೆ ನಾವಿಬ್ಬರು ಸೇರಿ ಗುಟ್ಟಾಗಿ ಒಂದು ವೇಳಾಪಟ್ಟಿ ಮಾಡಿದೆವು. ಬೆಳಿಗ್ಗೆ ಆರರಿಂದ ಏಳು ನನ್ನದು, ಆಮೇಲೆ ಖಾಜಾಸಾಬರದು, ಅವರು ಕಾರ್ಖಾನೆಗೆ ಹೋದ ಮೇಲೆ ಮಹಬೂಬನದು, ಸಂಜೆ ಮತ್ತೆ ಇದೇ ಸರದಿ. ಧೂಳು ಕುಡಿಯುತ್ತ, ಲಾರಿ ಡ್ರೈವರುಗಳನ್ನು ಶಪಿಸುತ್ತ, ಹೇಗೋ ನಡೆಯುತ್ತಿತ್ತು.

ಆಗ ನಮ್ಮ ಮಾವನವರು ಬಂದರು. ಶಾಂತಾಳ ತಂದೆ ಸಿರುಗುಪ್ಪ ಕಡೆಯ ಹಚ್ಚೊಳ್ಳಿ ಎಂಬ ಊರಿನವರು. ಹೆಡ್‌ಮಾಸ್ತರಾಗಿ ನಿವೃತ್ತರಾಗಿ, ಮಗನ ಜೊತೆ ಭತ್ತದ ಗದ್ದೆ ನೋಡಿಕೊಂಡು ಇದ್ದವರು. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಇಸ್ತ್ರಿ ಮಾಡಿದ ಧೋತರ, ಮಾತು ಕಡಿಮೆ. ಶಾಲೆಯ ಹಿಂದೆ ಬೀಡಿ ಸೇದಿದ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸುತ್ತಿದ್ದರೆಂದು ಆ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಹೇಳುತ್ತಾರೆ. ಅವರೆದುರು ನಾನು ಒಂದು ದಿನವೂ ಸೇದಿದವನಲ್ಲ. ಅವರಿಗೆ ಹಲ್ಲು ಪೂರ್ತಿ ಹೋಗಿ ಎರಡು ವರ್ಷವಾಗಿತ್ತು. ಹಲ್ಲಿನ ಸೆಟ್ ಮಾಡಿಸಲು ಬಳ್ಳಾರಿಗೇ ಬರಬೇಕು. ಒಂದು ಸಲ ಅಚ್ಚು ತೆಗೆಯುತ್ತಾರೆ, ವಾರ ಬಿಟ್ಟು ಮೇಣದ ಹಲ್ಲು ಕೂಡಿಸಿ ನೋಡುತ್ತಾರೆ, ಇನ್ನೊಂದು ವಾರ ಬಿಟ್ಟು ಕಚ್ಚಿಸಿ ನೋಡುತ್ತಾರೆ. ಮೂರು ವಾರದ ಕೆಲಸ. ಮಾವನವರು ಇದುವರೆಗೆ ಮೂರು ಸಲ ಬಂದು ಮೂರು ಸಲವೂ ಅಚ್ಚು ಕೊಟ್ಟು ನಾಲ್ಕನೆಯ ದಿನಕ್ಕೆ ಊರಿಗೆ ಓಡಿಹೋಗಿದ್ದರು. ಹಲ್ಲಿನ ಡಾಕ್ಟರ ಕಪಾಟಿನಲ್ಲಿ ಅವರ ದವಡೆಯ ಅಚ್ಚುಗಳು ಮೂರು ಜೊತೆ ಕೂತಿದ್ದವು. ಹಲ್ಲಿಗೆ ಬಂದಾಗ ಮಾತ್ರವಲ್ಲ, ನಮ್ಮ ಮದುವೆಯಾದಾಗಿನಿಂದ ಅವರು ಮಗಳ ಮನೆಯಲ್ಲಿ ನಾಲ್ಕನೆಯ ದಿನ ಕಂಡವರೇ ಅಲ್ಲ. ಅವರು ಹೋದಾಗಲೆಲ್ಲ ಶಾಂತಾ, "ನಿಮ್ಮಿಂದಽ ಹೋಗ್ತಾನ ಅಪ್ಪ" ಎನ್ನುತ್ತಿದ್ದಳು. ನಾನೇನು ಮಾಡಿದೆ ಎಂದು ಕೇಳಿದರೆ ಒಲೆಯ ಕಡೆ ತಿರುಗಿಬಿಡುತ್ತಿದ್ದಳು. ಗಟ್ಟಿ ರೊಟ್ಟಿ ಎಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ ಅದನ್ನು ಸಾರಿನಲ್ಲಿ ಅದ್ದಿ, ಅಂಬಲಿ ಮಾಡಿಕೊಂಡು ನುಂಗುವುದನ್ನು ಕಂಡರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಈ ಸಲ ಹಲ್ಲು ಕೂರಿಸಿಯೇ ಕಳಿಸುತ್ತೇನೆ ಎಂದು ಹಟ ಹಿಡಿದಿದ್ದಳು.

ಈ ಸಲ ನನ್ನ ಮೇಲೆ ಮಾತು ಬರಬಾರದೆಂದು ನಾನು ವಾರದ ರಜೆ ಹಾಕಿದೆ. ಮಾವನವರನ್ನು ಒಂದು ನಿಮಿಷ ಬಿಟ್ಟು ಅಗಲಲಿಲ್ಲ. ಡಾಕ್ಟರಲ್ಲಿಗೆ ನಾನೇ, ಮಾರ್ಕೆಟ್ಟಿಗೆ ನಾನೇ, ಕ್ಷೌರಕ್ಕೂ ನಾನೇ ಜೊತೆಗೆ. ಅವರು ಮೆಟ್ಟಿಲಿಳಿದರೆ ಹಿಂದೆಯೇ ಇಳಿದೆ, ಹತ್ತಿದರೆ ಹಿಂದೆಯೇ ಹತ್ತಿದೆ. ಇಂಥ ಅಳಿಯ ಯಾರಿಗೆ ಸಿಗುತ್ತಾನೆ ಎಂದು ನನಗೇ ಅನ್ನಿಸುತ್ತಿತ್ತು. ಉಳಿದದ್ದು ಬೆಳಗಿನ ಆರರಿಂದ ಏಳು, ನನ್ನ ಹಕ್ಕಿನ ಸಮಯ. ಮೊದಲನೆಯ ದಿನ ಆರಕ್ಕೆ ಸರಿಯಾಗಿ ಗೇಟಿನ ಹೊರಗೆ ಹೋದರೆ ಬೆಂಚಿನ ಮೇಲೆ ಶಾಲು ಹೊದ್ದು ಮಾವನವರು ಕೂತಿದ್ದಾರೆ.

"ಯಾಕ್ರೀ ಮಾವಾರ, ಇಲ್ಲಿ ಕುಂತೀರಿ?"

"ಇಲ್ಲಿ ಗಾಳಿ ಬೇಸೈತಿ ಅಳಿಯಂದ್ರ" ಎಂದರು. ಲಾರಿ ಹಂಪು ಹಾರಿತು. ಮಾವನವರು ಶಾಲಿನ ಅಂಚಿನಿಂದ ಕಣ್ಣು ಒರೆಸಿಕೊಂಡು, "ನೀವು?" ಎಂದರು.

"ಅಳತಿ ನೋಡಾಕ ಬಂದೀನ್ರಿ" ಎಂದು ಟೇಪಿಲ್ಲದೆ ಹೆಜ್ಜೆಯಲ್ಲಿಯೇ ಗೇಟಿನವರೆಗೆ ಅಳೆದು, ಮತ್ತೆ ಬೆಂಚಿನವರೆಗೆ ಅಳೆದೆ. ಅವರು ಏಳಲಿಲ್ಲ. ಬಿಟ್ಟುಹೋಗುವುದು ಮರ್ಯಾದೆಯಲ್ಲವೆಂದು ನಾನೂ ಪಕ್ಕದಲ್ಲಿ ಕೂತೆ. ಏಳು ಹೊಡೆಯಿತು. ಖಾಜಾಸಾಬರು ಗೇಟಿನವರೆಗೆ ಬಂದು, ಹಿರಿಯರನ್ನು ಕಂಡು, ಸಲಾಂ ಹೇಳಿ, ಹಾಲು ತರುವವರ ಹಾಗೆ ಮುಂದಕ್ಕೆ ಹೋದರು. ಸಂಜೆಯೂ ಅದೇ, ಮರುದಿನವೂ ಅದೇ. ನನಗೆ ಒಳಗೊಳಗೇ ಕುದಿಯತೊಡಗಿತು. ಊರಿನಲ್ಲಿ ಕಾನೂನುಬದ್ಧವಾಗಿ ನನಗೆಂದು ಉಳಿದದ್ದು ಒಂದು ಚಾಪೆಯಷ್ಟು ನೆಲ. ಅದರ ಮೇಲೂ ಹಚ್ಚೊಳ್ಳಿಯಿಂದ ಬಂದು ಗಾಳಿಗೆಂದು ಕೂರಬೇಕೇ? ತುಂಗಭದ್ರೆಯ ಕಾಲುವೆ ದಂಡೆಯ ಗಾಳಿ ಕುಡಿದು ಬೆಳೆದ ಮನುಷ್ಯನಿಗೆ ಈ ಡೀಸೆಲ್ ಗಾಳಿ ಬೇಸಾಗಿ ಕಂಡಿತೇ? ಇಡೀ ಕಟ್ಟಡದಲ್ಲಿ ಸೇದಲು ಅನುಮತಿ ಇದ್ದ ಒಂದೇ ಜಾಗದಲ್ಲಿ ಮೂರು ದಿನ ಯಾರೂ ಸೇದಲಿಲ್ಲ. ಆ ಮೂರು ದಿನ ನಮ್ಮ ಕಟ್ಟಡ ನಿಜವಾಗಿಯೂ ಹಸಿರಾಗಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಮಾವನವರ ಚೀಲ ಸಿದ್ಧವಾಗಿ ಬಾಗಿಲ ಬಳಿ ಕೂತಿತ್ತು. "ಕಾಲುವಿ ನೀರು ಬಿಡ್ತಾರಂತ. ಹೋಗಬೇಕು" ಎಂದು ಹೇಳಿ, ಆಟೋ ಬರುವವರೆಗೆ ಹೊರಗೆ ಇರುತ್ತೇನೆಂದು ಚೀಲ ಎತ್ತಿಕೊಂಡು ಇಳಿದುಬಿಟ್ಟರು. ನಾನು ಅಡಿಗೆಮನೆಗೆ ಹೋದೆ. ಶಾಂತಾ ಒಲೆಯ ಮುಂದೆ ಬೆನ್ನು ತಿರುಗಿಸಿಕೊಂಡು ನಿಂತಿದ್ದಳು. ಅವಳ ಭುಜ ಅಲುಗುತ್ತಿತ್ತು. "ನಿಮ್ಮಿಂದಽ ಹೊಂಟಾನ" ಎಂದಳು.

ಮೂರು ದಿನ ಸಿಗರೇಟಿಲ್ಲದೆ ಸೇವೆ ಮಾಡಿದವನು ನಾನು. ತಡೆದುಕೊಳ್ಳಲಾಗಲಿಲ್ಲ. "ನಾನೇನು ಮಾಡೀನಿ? ಬೆನ್ನು ಬಿಡದಂಗ ಜೊತಿಗೆ ಅದೀನಿ. ಗಾಳಿ ತಗೊಳ್ಳಾಕ ಅಂತ ನನ್ನ ಬೆಂಚು ಸೈತ ಬಿಟ್ಟುಕೊಟ್ಟೀನಿ" ಎಂದು ಕೂಗಿದೆ.

ಅವಳು ತಿರುಗಿದಳು. "ಯಾವ ಬೆಂಚು?" ಎಂದಳು. ಹೇಳಿದೆ. ಕೇಳುತ್ತ ಕೇಳುತ್ತ ಕಣ್ಣೀರು ಇದ್ದಲ್ಲೇ ನಿಂತು, ದಡ್ಡ ಹುಡುಗನನ್ನು ನೋಡುವ ಹಾಗೆ ನನ್ನನ್ನು ನೋಡಿದಳು. "ಅಪ್ಪ ಗಾಳಿಗೆ ಕುಂತಿದ್ದಿಲ್ಲ. ಬೀಡಿ ಸೇದಾಕ ಕುಂತಿದ್ದ. ನೀವು ಎದ್ದು ಹೋಗ್ತೀರೇನು ಅಂತ ಕಾಯ್ತಿದ್ದ."

ನಾನು ನಂಬಲಿಲ್ಲ. ಮಾವನವರು ಬೀಡಿ ಸೇದುವುದೇ?

"ಸಣ್ಣಾಕಿದ್ದಾಗ ಅಂಗಡಿಯಿಂದ ನಾನಽ ತಂದು ಕೊಡ್ತಿದ್ದೆ. ಮದುವಿ ಮುಂಚೆ ನನ್ನ ಕೈಲೆ ಆಣಿ ಮಾಡಿಸ್ಕೊಂಡಾನ, ಅಳಿಯಂದ್ರಿಗೆ ಗೊತ್ತಾಗಬಾರದು ಅಂತ. ಸರಕಾರಿ ಮನಿಷ್ಯಾರು, ನನ್ನ ಸಣ್ಣಾವನಂಗ ನೋಡ್ತಾರ ಅಂತ. ಮೂರು ದಿನ ತಡಕೊಂತಾನ, ನಾಕನೇ ದಿನ ಆಗಂಗಿಲ್ಲ ಅವಗ. ನಿಮ್ಮಿಂದಽ ಹೋಗ್ತಾನ ಅಂತ ಇಪ್ಪತ್ತೆರಡು ವರ್ಷದಿಂದ ಹೇಳಾಕತ್ತೀನಲ್ಲ, ಮತ್ತೇನು ಸುಳ್ಳು ಹೇಳೀನಿ?"

ನಾನು ಅಲ್ಲೇ ಅಕ್ಕಿ ಡಬ್ಬಿಯ ಮೇಲೆ ಕೂತೆ. ಆಫೀಸಿನಲ್ಲಿ ನಾನು ಬಂದರೆ ಜವಾನ ಎದ್ದು ನಿಲ್ಲುವುದಿಲ್ಲ. ಹೊಲದಲ್ಲಿ ಅಳತೆಗೆ ನಿಂತರೆ ಎರಡೂ ಕಡೆಯ ರೈತರು ನನಗೇ ಅಳತೆ ಹೇಳಿಕೊಡುತ್ತಾರೆ. ಈ ಭೂಮಿಯ ಮೇಲೆ ನನಗೆ ಹೆದರುವ ಪ್ರಾಣಿ ಒಂದಿಲ್ಲ ಎಂದು ಎಷ್ಟೋ ಸಲ ಹೆಂಡತಿಯ ಮುಂದೆ ಗೊಣಗಿದ್ದೇನೆ. ಒಬ್ಬರು ಇದ್ದರು. ಇಡೀ ಸೀಮೆ ಹೆದರುವ ಹೆಡ್‌ಮಾಸ್ತರು ನನಗೆ ಹೆದರಿ, ಮಗಳ ಮನೆಯಲ್ಲಿ ನಾಲ್ಕು ದಿನ ಇರಲಾಗದೆ, ಬಾಯಿಗೆ ಹಲ್ಲೂ ಇಲ್ಲದೆ ಓಡಾಡುತ್ತಿದ್ದರು. ಹೇಳಲು ಸಂಕೋಚ, ಒಂದು ಕ್ಷಣ ಖುಷಿಯೇ ಆಯಿತು. ಆಮೇಲೆ ಬಹಳ ನಾಚಿಕೆಯಾಯಿತು. ಯಾರೋ ಗೊತ್ತಿಲ್ಲದವರು ಇಪ್ಪತ್ತೈದು ಅಡಿ ದೂರ ಹಾಕಿದ್ದಕ್ಕೆ ನಾನು ಇಷ್ಟು ಹಾರಾಡುತ್ತಿದ್ದೆ. ನಾನು ಅವರನ್ನು ನನಗೆ ತಿಳಿಯದೆಯೇ ಹಚ್ಚೊಳ್ಳಿಯವರೆಗೆ ದೂರ ಹಾಕಿದ್ದೆ.

ಕೆಳಗಿಳಿದು ಹೋದೆ. ಮಾವನವರು ಬೆಂಚಿನ ಮೇಲೆ ಚೀಲ ಇಟ್ಟುಕೊಂಡು, ಸಿರುಗುಪ್ಪ ಬಸ್ಸಿನ ಹೊತ್ತಾಯಿತೆಂದು ರಸ್ತೆ ನೋಡುತ್ತಿದ್ದರು. ಏನೆಂದು ಹೇಳಬೇಕು? ನಿಮ್ಮ ಗುಟ್ಟು ಗೊತ್ತಾಯಿತು, ಧಾರಾಳವಾಗಿ ಸೇದಿರಿ ಎಂದರೆ ಆ ಮನುಷ್ಯ ಮತ್ತೆ ನಮ್ಮ ಮೆಟ್ಟಿಲು ಹತ್ತುತ್ತಿರಲಿಲ್ಲ. ಪಕ್ಕದಲ್ಲಿ ಕೂತೆ. ಜೇಬಿನಿಂದ ಸಿಗರೇಟು ತೆಗೆದು, ಅವರ ಕಣ್ಣೆದುರಿಗೇ ತುಟಿಗೆ ಇಟ್ಟೆ. ದೊಡ್ಡಪ್ಪನ ಮುಂದೆ ತೊಡೆ ಸುಟ್ಟುಕೊಂಡವನಿಗೆ ಇದು ಸಣ್ಣ ಮಾತಲ್ಲ.

"ಮಾವಾರ, ಬೆಂಕಿಪೊಟ್ಣ ಐತೇನ್ರಿ?" ಎಂದೆ.

ಅವರು ನನ್ನ ಮುಖ ನೋಡಿದರು. ಕ್ಲಾಸಿನಲ್ಲಿ ಸಿಕ್ಕಿಬಿದ್ದ ಹುಡುಗನನ್ನು ನೋಡುವ ನೋಟ ಅದು. ಕೆನ್ನೆಗೆ ಬೀಳುತ್ತದೆ ಎಂದುಕೊಂಡೆ. ಅವರ ಕೈ ಅಂಗಿಯ ಒಳಜೇಬಿಗೆ ಹೋಯಿತು. ಲಾರಿಯ ಗಾಳಿಗೆ ಎರಡು ಕಡ್ಡಿ ಆರಿದವು. ಮೂರನೆಯದನ್ನು ತಾವೇ ಗೀರಿ, ಎರಡೂ ಅಂಗೈ ಮರೆ ಮಾಡಿ ಹಿಡಿದರು. ಆಮೇಲೆ ಅದೇ ಜೇಬಿನಿಂದ ಬೀಡಿ ಕಟ್ಟು ತೆಗೆದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ರಸ್ತೆಯ ಕಡೆ ಮುಖ ಮಾಡಿ ಕೂತೆವು. ಅಷ್ಟರಲ್ಲಿ ಆಟೋ ಬಂದು ಹಾರನ್ ಹೊಡೆಯಿತು. ಮಾವನವರು ಹೊಗೆ ಬಿಟ್ಟು, "ಅಳಿಯಂದ್ರ, ಅವಗ ಹೋಗಂತ ಹೇಳ್ರಿ. ನೀರು ಹುಡುಗ್ರು ಹಾಯಿಸ್ಕೊಂತಾರ" ಎಂದರು.

ಅವರು ಮೂರು ವಾರ ಇದ್ದರು. ಮೇಣದ ಹಲ್ಲು ಬಂತು, ನಿಜವಾದ ಸೆಟ್ಟೂ ಬಂತು. ಮೊದಲ ದಿನ ಗಟ್ಟಿ ರೊಟ್ಟಿ ಕಚ್ಚಿ ಮುರಿದ ಸದ್ದಿಗೆ ಶಾಂತಾ ಅಡಿಗೆಮನೆಯಿಂದ ಓಡಿಬಂದು, ಬಾಗಿಲಲ್ಲಿ ನಿಂತು, ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮೇಡಂ ಬಂದು ಬೆಂಚಿನ ಫೋಟೋ ತೆಗೆದುಕೊಂಡು ಹೋದರು. ಪ್ರಮಾಣಪತ್ರ ಬಂತು, ಹಿತ್ತಾಳೆ ಫಲಕ ಬಂತು, ಎರಡೇ ವಾರದಲ್ಲಿ ಅದರ ಅಕ್ಷರಗಳೂ ಕೆಂಪಾದವು. ಬೆಳಿಗ್ಗೆ ಸಂಜೆ ಮಾವ ಅಳಿಯ ಬೆಂಚಿನ ಮೇಲೆ ಜೋಡಿಯಾಗಿ ಕೂರುತ್ತಿದ್ದೆವು. ಸೇದುವುದು ಹತ್ತು ನಿಮಿಷ, ಮಾತು ಎರಡು ಗಂಟೆ. ಇಪ್ಪತ್ತೆರಡು ವರ್ಷದ ಮಾತು ಬಾಕಿ ಇತ್ತಲ್ಲ. ಅವರು ಊರಿಗೆ ಹೋದ ಮೇಲೂ ನನಗೆ ಅದೇ ಅಭ್ಯಾಸವಾಗಿ, ಪೇಪರು ಹಿಡಿದುಕೊಂಡು ಅಲ್ಲಿಯೇ ಕೂತಿರುತ್ತಿದ್ದೆ. ಆ ಜಾಗ, ಆ ನಿಯಮ, ಎಲ್ಲವೂ ಒಂಥರಾ ನನ್ನವೇ ಎನ್ನಿಸತೊಡಗಿದ್ದವು.

ಹೀಗೆ ಒಂದು ಸಂಜೆ ಪೇಪರು ಮಡಿಸಿಕೊಂಡು ಒಳಗೆ ಬರುತ್ತಿದ್ದೇನೆ, ಮೆಟ್ಟಿಲ ಕೆಳಗಿನಿಂದ ಬೀಡಿ ಹೊಗೆ. ಬಗ್ಗಿ ನೋಡಿದರೆ ಮಹಬೂಬ, ಸೈಕಲ್‌ಗಳ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದಾನೆ. ನನಗೆ ಎಲ್ಲಿತ್ತೋ ಸಿಟ್ಟು ಬಂತು. ಪ್ರಮಾಣಪತ್ರ ಬಂದಿದೆ, ಬೋರ್ಡು ಇದೆ, ಹೊತ್ತು ಹೊತ್ತಿನ ಸರದಿ ಮಾಡಿಕೊಟ್ಟಿದ್ದೇವೆ, ಓದಿದವನು ನೀನೇ ಹೀಗೆ ಮಾಡಿದರೆ ಹೇಗೆ ಎಂದು, ಆ ಮೇಡಂ ಕೂಡ ಆಡದಷ್ಟು ಮಾತು ಆಡಿದೆ. "ಇಪ್ಪತ್ತೈದು ಅಡಿ ನಡದು ಹೋಗಾಕ ನಿನಗ ಏನಾಗೈತಿ?" ಎಂದೆ.

ಮಹಬೂಬ ಬೀಡಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಎದ್ದು ನಿಂತು, ತಲೆ ತಗ್ಗಿಸಿ, ಬಹಳ ಮರ್ಯಾದೆಯಿಂದ ಹೇಳಿದ: "ಹೋಗೇನ್ರಿ ಸಾಹೇಬ್ರ. ಯಾವಾಗ ನೋಡಿದ್ರೂ ಅಲ್ಲಿ ನೀವು ಕುಂತಿರ್ತೀರಲ್ರೀ."